ಹಿತ್ತಿಲ ಎಲೆ

ಆಗಸ್ಟ್ 25, ಸೋಮವಾರ

ಡಯಾಲಿಸಿಸ್ ಎಂದಿನಂತೆ. ಮಧ್ಯದಲ್ಲಿ ಅಪ್ಪನ ಬಿಪಿ ಇಳಿಯಿತು, ಮೆಷಿನ್ ನಿಧಾನ ಮಾಡಿದರು. ಪಕ್ಕದಲ್ಲಿ ಕೂತು ರಷ್ಯನ್ ಕಾದಂಬರಿ ಓದಿದೆ. ಅನುವಾದ ಒರಟು, ಆದರೂ ಬಿಡಲಾಗುತ್ತಿಲ್ಲ. ಅಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಹೆಸರು.

ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು. "ದೀಪಾ, ನಮ್ಮಜ್ಜಿ ಎಸ್ರು ಏನು?"

ಗೊತ್ತಿಲ್ಲ ಅಂದೆ.

"ನಂಗೂ ಗೊತ್ತಿಲ್ಲ ಕಣವ್ವ. ವಯ್ಸು ಎಂಬತ್ತಾಯ್ತು. ಅಲ್ಲಿಗೋದ್ ಮ್ಯಾಕೆ ಅವ್ಳನ್ನ ಏನಂತ ಕರೀಲಿ?"

ತಮಾಷೆ ಅಂದುಕೊಂಡೆ. ಅಲ್ಲ. ಈ ಪಿತೃಪಕ್ಷದಲ್ಲಿ ಹಿರಿಯರಿಗೆ ಎಲೆ ಹಾಕುವಾಗ ಅವಳನ್ನೂ ಹೆಸರು ಹಿಡಿದು ಒಳಗೆ ಕರೆಯಬೇಕಂತೆ. ಮುಂದಿನ ಪಕ್ಷಕ್ಕೆ ತಾವೇ ಎಲೆಯ ಆ ಕಡೆ ಕೂತಿರುತ್ತಾರಂತೆ.

ಆಗಸ್ಟ್ 28

ಗೊತ್ತಿರುವುದಿಷ್ಟು. ಮುತ್ತಜ್ಜ ನಂಜಪ್ಪ ಕೊಣನೂರಿನಿಂದ ಕೊಡಗಿಗೆ ಭತ್ತದ ಗಾಡಿ ಹೊಡೆಯುತ್ತಿದ್ದ. ಒಂದು ಸಲ ವಾಪಸ್ ಬರುವಾಗ ಗಾಡಿಯಲ್ಲಿ ಒಬ್ಬ ಹುಡುಗಿ. ಕಾಫಿ ತೋಟದ ಕೂಲಿ. ಅವಳ ಜನ ಸೇಲಂ ಕಡೆಯಿಂದ ಬಂದವರು. ಕನ್ನಡ ಬಾರದು. ಜಾತಿ ಯಾರೂ ಕೇಳಲಿಲ್ಲವೋ, ಕೇಳಿ ಮುಚ್ಚಿಟ್ಟರೋ. ಒಬ್ಬ ಮಗ ಹುಟ್ಟಿದ — ನನ್ನ ತಾತ. ನಂಜಪ್ಪ ಬೇಗ ಸತ್ತ. ತೌರು ನೋಡಲು ಹೋದವಳು ಜ್ವರ ಬಂದು ಅಲ್ಲೇ ತೀರಿಕೊಂಡಳು. ಎಲ್ಲರೂ ಹೇಳುವುದು ಇದನ್ನೇ. ಹೊರಗೆ ಸತ್ತವಳು, ಅದಕ್ಕೇ ಅವಳ ಎಲೆ ಹಿತ್ತಿಲಲ್ಲಿ.

ಆಗಸ್ಟ್ 31, ಭಾನುವಾರ

ಕೊಣನೂರು. ಬಸ್ಸು ಅರಕಲಗೂಡಿನಲ್ಲಿ ಬಹಳ ಹೊತ್ತು ನಿಂತಿತು. ಹಳೆ ಮನೆಯಲ್ಲಿ ಈಗ ಚಿಕ್ಕಪ್ಪನ ಮಗ ಅನಿಲ್‌ಕುಮಾರ್. ಟ್ರ್ಯಾಕ್ಟರ್ ತೊಳೆಯುತ್ತಿದ್ದ.

"ಎಸ್ರಾ? ಅಜ್ಜಿ ಅಂತ ಎಲೆ ಆಕ್ತೀವಿ, ಕೈ ಮುಗೀತೀವಿ. ಎಸ್ರು ತಕಂಡು ಆಧಾರ್ ಕಾರ್ಡ್ ಮಾಡುಸ್ತೀಯಾ?" ನಕ್ಕ.

ಈ ಸಲ ಒಳಗೆ ಎಲೆ ಹಾಕೋಣ ಅಂದೆ. ನಗು ನಿಂತಿತು.

"ಅದೊಂದ್ ಬ್ಯಾಡ ಕಣಕ್ಕ. ಒಳೀಕ್ ಕರದ್ರೆ ಅವ್ಳು ಯಾರು ಅಂತ ಊರು ಕೇಳ್ತದೆ. ಮಗ್ಳಿಗೆ ಗಂಡು ನೋಡ್ತಿದೀನಿ."

ಬೇಕಿದ್ದರೆ ಮೊಸಳೆ ಊರಿನ ಅತ್ತೆಯನ್ನು ಕೇಳು ಅಂದ. ಅಪ್ಪನ ಅಕ್ಕ. ಆ ಕಾಲದವರು ಉಳಿದಿರುವುದು ಅವರೊಬ್ಬರೇ.

ಸೆಪ್ಟೆಂಬರ್ 14, ಭಾನುವಾರ

ಅಪ್ಪ ಐಸಿಯುನಲ್ಲಿದ್ದರು. ಬರೆಯಲಾಗಲಿಲ್ಲ. ಈಗ ವಾರ್ಡಿಗೆ ತಂದಿದ್ದಾರೆ. "ಪಕ್ಷ ಅತ್ರ ಬಂತು" ಎಂಬುದೊಂದೇ ಮಾತು.

ಮೊಸಳೆಗೆ ಹೋದೆ. ಜೋಡಿ ಗುಡಿಗಳ ಹಿಂದಿನ ಬೀದಿ. ಸಣ್ಣತಾಯಮ್ಮತ್ತೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು.

"ಬಂದ್ಯಾ ಪುಸ್ತಕದೋಳೇ. ಕನ್ನಡ್ಕ ದಪ್ಪ ಆಗದೆ, ನೀನು ತೆಳ್ಳಗಾಗಿದ್ದೀಯ."

ಹೆಸರು ಕೇಳಿದೆ. ಮೊರ ನಿಂತಿತು.

"ಎಸ್ರು ಕಾಣೆ. ಅವ್ಳನ್ನ ನೋಡಿದ್ದೀನಿ."

ಸಾಧ್ಯವಿಲ್ಲ ಅಂದೆ. ಅವಳು ಸತ್ತಾಗ ತಾತನೇ ಇನ್ನೂ ಮಗು.

"ಸತ್ಲು ಅಂತ ಏಳುದ್ರು ಕಣವ್ವ. ನಂಜಪ್ಪಜ್ಜ ಸಾಯ್ತಿದ್ದಂಗೇ ಅವನ ತಮ್ಮಂದ್ರು ಓಡಿಸ್ಬುಟ್ರು. ಕೂಸ್ನ ಇಟ್ಕಂಡ್ರು. ಊರು ನಂಬ್ಬೇಕಲ್ಲ... ಆ ವರ್ಸವೇ ಎಡೆ ಇಕ್ಕುದ್ರು."

ಬದುಕಿದ್ದವಳಿಗೆ.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಮುಂದಿನ ಜಗಲಿಯಲ್ಲಿ ಕೂರಬೇಕು, ಹಿರಿಯರು ಬಂದು ಉಣ್ಣಲಿ ಅಂತ. ಯಾರೂ ಇಣುಕಬಾರದು. ನಮ್ಮಲ್ಲಿ ಈಗಲೂ ಹಾಗೆಯೇ. ಎಷ್ಟೋ ವರ್ಷಗಳ ಮೇಲಿನ ಒಂದು ಪಕ್ಷ, ಅತ್ತೆಗೆ ಆಗ ಎಂಟೋ ಒಂಬತ್ತೋ. ಗೋಡೆ ಬಳಸಿಕೊಂಡು ಹಿತ್ತಿಲಿಗೆ ಹೋಗಿದ್ದಾರೆ. ಎಲೆಯ ಮುಂದೆ ಒಬ್ಬ ಹೆಂಗಸು ಕೂತು ಉಣ್ಣುತ್ತಿದ್ದಳು. ತಲೆ ಪೂರಾ ಬೆಳ್ಳಗೆ.

ಹೆದರಿಕೆ ಆಗಲಿಲ್ಲವಾ ಅಂದೆ.

"ಎದ್ರುಕಂಡೋಳು ಅವ್ಳು. ಬಾಯಲ್ಲಿದ್ದುದ್ನ ನುಂಗಿ, 'ನಿಮ್ಮಪ್ಪ ಉಂಡನಾ?' ಅಂದ್ಲು. ಮಾತು ಒಂಥರ ತೊದ್ಲು."

ಮನೆಯಲ್ಲಿ ಹೇಳಿದ್ದಕ್ಕೆ ಅತ್ತೆಗೆ ತಾಯಿಯಿಂದ ಏಟು. ತಾತ ತಲೆ ತಗ್ಗಿಸಿ ಕೂತಿದ್ದನಂತೆ.

"ಅವನ್ಗೆ ಗೊತ್ತಿತ್ತು. ಎಡೆ ಜೊತೆ ಒಳಗಡೆ ಇಕ್ಕಿದ್ ಸೀರೇನ ಆಮೇಲೆ ನಾವೇ ಉಟ್ಕಂತಿದ್ದೊ. ಹಿತ್ತಿಲಲ್ಲಿ ಇಕ್ಕಿದ್ ಸೀರೆ ಒಂದ್ ವರ್ಸಾನೂ ವಾಪಸ್ ಬರ್ಲಿಲ್ಲ. ಆ ಸೀರೇನ ಮಾತ್ರ ನಮ್ಮಪ್ಪ ತಾನೇ ಅಂಗ್ಡೀಗೋಗಿ ತತ್ತಿದ್ದ."

"ಒಳಗೆ ಯಾಕೆ ಕರೀಲಿಲ್ಲ?"

"ಚಿಕ್ಕಪ್ಪದೀರು ಇರೋಗಂಟ ಅವನ್ಗೆ ಬಾಯಿಲ್ಲ. ಅವ್ರು ಓದ್ ಮೇಲೆ ನಮ್ ಮದ್ವೆ ಚಿಂತೆ."

ಒಂದು ವರ್ಷ ಎಲೆ ಹಾಗೇ ಇತ್ತು. ಸೀರೆಯೂ. ಹೊತ್ತು ಮುಳುಗುವವರೆಗೆ ತಾತ ಹಿತ್ತಿಲಲ್ಲೇ ನಿಂತಿದ್ದ. ಮಾರನೆಯ ದಿನ ತಲೆ ಮೀಸೆ ಬೋಳಿಸಿಕೊಂಡು ಬಂದ. ಕೇಳಿದವರಿಗೆ ದೇವರ ಹರಕೆ ಅಂದ.

ಮಣ್ಣು ಮಾಡಿದ್ದು ಎಲ್ಲಿ ಅಂದೆ.

"ಯಾವೂರ್ನಲ್ಲಿ ಬಿದ್ಲೋ, ಯಾರ್ ಕಂಡ್ರು." ಮತ್ತೆ ಕೇರಲು ಶುರು ಮಾಡಿದರು. ಹೊರಟಾಗ ಕೈ ಹಿಡಿದರು. "ನಿಮ್ಮಪ್ಪುಂಗೆ ಏಳ್ಬ್ಯಾಡ ಕಣವ್ವ. ಅವ್ನು ಅಪ್ಪನ್ನ ದೇವ್ರು ಅನ್ಕಂಡವ್ನೆ."

ಸೆಪ್ಟೆಂಬರ್ 15

"ಮೊಸಳೆಗೆ ಓಗಿದ್ಯಾ?" ಎಂದರು ಅಪ್ಪ. ಇನ್ನೂ ಇಲ್ಲ ಅಂದೆ.

ಸೆಪ್ಟೆಂಬರ್ 21, ಅಮಾವಾಸ್ಯೆ

ಕೊಣನೂರು. ಅನಿಲ್ ಆ ಎಲೆಯನ್ನು ಹಿತ್ತಿಲಿಗೇ ಒಯ್ದ. ಜಗಳ ಮಾಡಲಿಲ್ಲ. ಒಳಗೆ ಯಾರ ಹೆಸರು ಹಿಡಿದು ಕರೆಯಲಿ? ಬಾಗಿಲು ಮುಚ್ಚಿದರು. ಎಲ್ಲರೂ ಜಗಲಿಯಲ್ಲಿ, ಕೈಯಲ್ಲಿ ಮೊಬೈಲು. ಒಳಗೆ ಏನೋ ಬಿದ್ದ ಸದ್ದು.

"ತಾತ ಬಂದ್ರು. ಲೆಗ್ ಪೀಸ್ ಉಡುಕ್ತಾವ್ರೆ" ಅಂದ ಅನಿಲ್. ನಕ್ಕರು.

ತಾತ ಕೂರುತ್ತಿದ್ದದ್ದೂ ಇಲ್ಲೇ. ಹಿತ್ತಿಲಿಗೆ ಬೆನ್ನು ಹಾಕಿ, ತಾಯಿ ಉಂಡು ಮುಗಿಸಲಿ ಎಂದು ಕಾಯುತ್ತ. ಎದ್ದು ಹೋಗಿ ಒಳಗೆ ಬಾ ಅನ್ನಲಿಲ್ಲ. ಒಂದು ವರ್ಷವೂ.

ಸೆಪ್ಟೆಂಬರ್ 24, ಬುಧವಾರ

ಇನ್ನು ಅವರ ದೇಹ ಡಯಾಲಿಸಿಸ್ ತಡೆಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅಪ್ಪ ಕೇಳಿಸಿಕೊಂಡರು. ಕೇಳಿದ್ದು ಮಾತ್ರ ಬೇರೆ.

"ಒಳೀಕ್ ಕರದ್ರಾ?"

ಕರೆದೆವು ಅಂದೆ.

"ಏನಂತ?"

ಪುಸ್ತಕದಲ್ಲಿ ಒಂದು ತಾರೀಖು ತಪ್ಪಿದ್ದರೂ ಪೆನ್ಸಿಲ್ ಗುರುತು ಹಾಕುವವಳು ನಾನು. ಬಾಯಿಗೆ ಬಂದ ಒಂದು ಹೆಸರು ಹೇಳಿಬಿಟ್ಟೆ. ತಮಿಳು ಹೆಸರು. ಎಲ್ಲಿ ಕೇಳಿದ್ದೋ.

ತುಟಿಯಲ್ಲೇ ಮತ್ತೆ ಮತ್ತೆ ಹೇಳಿಕೊಂಡರು. "ಒಳ್ಳೇ ಎಸ್ರು" ಅಂದರು. ತಿಂಗಳಿಂದ ಬಿಗಿದಿದ್ದ ಮುಖ ಸಡಿಲವಾಯಿತು.

ಸೆಪ್ಟೆಂಬರ್ 26, ಬೆಳಿಗ್ಗೆ

ಮನೆ. ಅಪ್ಪನಿಗೆ ನನ್ನ ಗುರುತು ಹತ್ತುತ್ತಿಲ್ಲ. ಆ ಹೆಸರನ್ನು ಮಾತ್ರ ಕರೆಯುತ್ತಾರೆ — ಮಗು ಕರೆದ ಹಾಗೆ, ಎಳೆದು ಎಳೆದು. ಇಂಜೆಕ್ಷನ್ ಕೊಡಲು ಬಂದ ನರ್ಸ್ ಶೋಭಿತಾ ಕೇಳಿದಳು. "ಯಾರಕ್ಕ ಅದು? ಫೋನ್ ಮಾಡಿ ಕರುಸ್ಬಾರ್ದಾ, ಪಾಪ."

ಅವರ ಅಜ್ಜಿ ಅಂದೆ. ಅಷ್ಟು ನಿಜ.

ಹೆಸರನ್ನು ಇಲ್ಲಿ ಬರೆಯಲು ಹೋದೆ. ಆಗಲಿಲ್ಲ. ಬರೆದರೆ ನಾಳೆ ನನಗೂ ಅವಳು ಅದೇ ಆಗಿಬಿಡುತ್ತಾಳೆ.

ಮತ್ತೆ ಕರೆಯುತ್ತಿದ್ದಾರೆ. ಈ ಸಲ ತಡೆ ತಡೆದು... ಉತ್ತರಕ್ಕೆ ಕಿವಿ ಕೊಟ್ಟು. ಯಾರಾದರೂ ಓಗೊಡಬೇಕು. ಮನೆಯಲ್ಲಿ ಇನ್ನಾರೂ ಇಲ್ಲ. ನಾನೇ