ಕೆಂಪುಗೆರೆಯ ದಂಡೆಯಲ್ಲೊಂದು ಮನೆಯಿತ್ತು

ಸಂಡೂರಿನ ಗುಡ್ಡಗಳ ಕೆಳಗಿನ ಬಯಲು,
2187ರ ಫೆಬ್ರವರಿ ಮೂವತ್ತು

ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಗುಡ್ಡ ಹತ್ತುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ಸಮ ಮಾಡಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ನಾನು ಹುಟ್ಟುವುದಕ್ಕಿಂತ ಮೊದಲಿನ ಮಾತು ಅದು. ನನ್ನ ಕನ್ನಡವೂ ನಿಮಗೆ ಒರಟಾಗಿ ಕಾಣಬಹುದು. ನಿಮ್ಮ ಕಾಲದ ಬರಹದ ಭಾಷೆಯನ್ನು ನಾನು ಶಾಲೆಯಲ್ಲಿ ಕಲಿತೆ, ಆಡಿ ಬೆಳೆಯಲಿಲ್ಲ. ಮಾತು ತಪ್ಪಿದ್ದಲ್ಲಿ ಕ್ಷಮಿಸಿ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ನನ್ನ ಹೆಸರು ಓಬಳಮ್ಮ. ಬಹಳ ವರ್ಷ ಮುಂಗಾಲಿಯಾಗಿ ಕೆಲಸ ಮಾಡಿದೆ. ಸೈಕಲ್ ಪ್ರವಾಸಿಗಳ ತಂಡದ ಮುಂದೆ ಹೋಗಿ ದಾರಿ ತೋರಿಸುವವರನ್ನು ನಾವು ಮುಂಗಾಲಿ ಎನ್ನುತ್ತೇವೆ. ಕೊನೆಯಲ್ಲಿ ಬಂದು ಹಿಂದುಳಿದವರನ್ನು ಕೂಡಿಸಿಕೊಳ್ಳುವವರು ಹಿಂಗಾಲಿ. ಎಣ್ಣೆಗಾಡಿಗಳು ನಿಂತುಹೋದ ಮೇಲೆ, ನಿಮ್ಮ ಕಾಲದಲ್ಲಿ ಅದಿರಿನ ಲಾರಿಗಳು ಓಡಾಡುತ್ತಿದ್ದ ರಸ್ತೆಗಳೆಲ್ಲ ಸೇರಿ ಒಂದು ಸೈಕಲ್ ಸುತ್ತು ಆಯಿತು. ಗುಡ್ಡ ಹತ್ತಿ, ಕಾಡು ದಾಟಿ, ಕೆರೆಗಳ ದಂಡೆ ಹಿಡಿದು ಮತ್ತೆ ಬಯಲಿಗೆ ಇಳಿಯುವ ಈ ಸುತ್ತಿಗೆ ದೂರದೂರದಿಂದ ಜನ ಬರುತ್ತಾರೆ. ಅವರು ಕೈಮುಗಿದು ನೋಡುವ ಆ ಕೆರೆಗಳು ನಿಮ್ಮವರು ಅದಿರು ತೋಡಿಕೊಂಡು ಬಿಟ್ಟುಹೋದ ಗುಂಡಿಗಳು. ಮಳೆ ನೀರು ತುಂಬಿ, ದಂಡೆಯಲ್ಲಿ ಜೊಂಡು ಬೆಳೆದು, ಕೊಕ್ಕರೆ ಬಂದು ಕೂತವು. ಕಾಡು ಬೆಳೆದದ್ದು ನೀವು ಸುರಿದ ಮಣ್ಣಿನ ದಿಬ್ಬಗಳ ಮೇಲೆ. ಕಮರ, ದಿಂಡಿಗ, ಬಿದಿರು, ಒಂದೊಂದು ಸಸಿಗೂ ನಮ್ಮ ಹಿರಿಯರು ಕೊಡದಲ್ಲಿ ನೀರು ಹೊತ್ತಿದ್ದಾರೆ. ಸವಾರರು ಸೈಕಲ್ ನಿಲ್ಲಿಸಿ, ಪ್ರಕೃತಿಯ ಕೈಕೆಲಸವೆಂದರೆ ಇದು ಎಂದು ಮೆಚ್ಚುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ತಿದ್ದುವುದಕ್ಕೆ ನಮಗೆ ಸಂಬಳವಿರಲಿಲ್ಲ.

ಸುತ್ತನ್ನು ನಡೆಸುವುದು ಸುತ್ತುಮಂಡಳಿ. ದಾರಿಗಳಿಗೆ ಅವರು ದರ್ಜೆ ಕೊಡುತ್ತಾರೆ. ಎಲ್ಲಕ್ಕಿಂತ ಮೇಲಿನದು ನಿರ್ಜನ ದರ್ಜೆ. ಇಡೀ ದಾರಿಯಲ್ಲಿ ಮನುಷ್ಯ ವಾಸಿಸುವ ಒಂದು ಮನೆಯೂ ಇರಬಾರದು, ಅಷ್ಟೇ. ಇದನ್ನು ಹುಟ್ಟಿಸಿದವರು ನೀವು. ಗುಡ್ಡಗಾಡು ಸುತ್ತಿ ಮನೆಗೆ ಮರಳಿ, ಇಡೀ ದಿನ ಒಂದು ನರಪಿಳ್ಳೆಯೂ ಸಿಗಲಿಲ್ಲ, ಸ್ವರ್ಗ ಕಂಡಂತಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿರಿ. ನಿಮ್ಮ ಮಕ್ಕಳು ಅಂಥ ದಾರಿಗಳನ್ನೇ ಹುಡುಕಿದರು. ಅವರ ಮಕ್ಕಳು, ಸಿಗದಿದ್ದಾಗ, ಮಾಡಿಸಿಕೊಂಡರು. ನನ್ನ ತಾಯಿ ಚಿಕ್ಕವಳಿದ್ದಾಗ ನಮ್ಮ ಹಟ್ಟಿಯನ್ನು ಆ ಕೆರೆಗಳಲ್ಲೊಂದಾದ ಕೆಂಪುಗೆರೆಯ ದಂಡೆಯಿಂದ ಎತ್ತಿ ಬಯಲಿನ ಸಾಲುಮನೆಗೆ ತಂದು ಹಾಕಿದರು. ಸಾಲುಮನೆ ಎಂದರೆ ಒಂದೇ ಗೋಡೆಗೆ ಅಂಟಿದ ಕೋಣೆಗಳು. ಬಾಗಿಲು ತೆರೆದರೆ ಎದುರಿನ ಸಾಲಿನ ಬಾಗಿಲು.

ಹಟ್ಟಿಯವರಲ್ಲಿ ಒಬ್ಬಳು ಮಾತ್ರ ಗಂಡನೊಡನೆ ಮೇಲೆ ಉಳಿದಳು. ನನ್ನ ತಾಯಿಯ ಅಕ್ಕ, ಹೊನ್ನೂರಮ್ಮ. ಆಗಷ್ಟೇ ಮದುವೆಯಾಗಿದ್ದ ಅವಳು ಮಣ್ಣಿನ ದಿಬ್ಬದ ಹಿಂದೆ ಕಲ್ಲಿನ ಮನೆ ಕಟ್ಟಿಕೊಂಡಿದ್ದಳು. ಗಂಡ ತೀರಿಕೊಂಡ ಮೇಲೂ ಅಲ್ಲೇ ಇದ್ದಳು. ದಾರಿಯಿಂದ ಮನೆ ಕಾಣುತ್ತಿರಲಿಲ್ಲ. ಸವಾರರು ದಾಟಿಹೋದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಕೋಳಿ ಸಾಕುತ್ತಿದ್ದಳು, ಹುಂಜ ಸಾಕುತ್ತಿರಲಿಲ್ಲ. ಮುಂಗಾಲಿಗಳಿಗೆಲ್ಲ ಅವಳು ಗೊತ್ತು. ಆ ತಿರುವು ಬಂದಾಗ ನಾವು, “ಇಳಿಜಾರು ಐತ್ರಿ, ಮುಂದ ನೋಡ್ರಿ, ಬ್ರೇಕಿನ ಮ್ಯಾಲೆ ಕೈ ಇರ್ಲಿ” ಎಂದು ಕೂಗುತ್ತಿದ್ದೆವು. ಯಾರೂ ಪಕ್ಕಕ್ಕೆ ತಿರುಗುತ್ತಿರಲಿಲ್ಲ. ತಂಡವನ್ನು ಬಿಟ್ಟು ಒಬ್ಬಳೇ ಮರಳುವಾಗ ನಾನು ಅಲ್ಲಿ ಇಳಿದು ರೊಟ್ಟಿ, ಪುಂಡಿಪಲ್ಯ ತಿಂದು ಹೋಗುತ್ತಿದ್ದೆ. ಬಯಲಿನ ಸುದ್ದಿಯನ್ನೆಲ್ಲ ಕೇಳುತ್ತಿದ್ದಳು. ಇಳಿದು ಬಾ ಎಂದರೆ ಮಾತ್ರ ಕಿವಿ ಕೇಳದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ಮಳೆಗಾಲದ ಕೊನೆಯಲ್ಲಿ ನನ್ನ ತಂಡದಲ್ಲಿ ಶಿವಮಲ್ಲು ಎಂಬ ಮೇಷ್ಟ್ರು ಬಂದರು. ನಂಜನಗೂಡಿನ ಕಡೆಯವರು, ನಗುಮುಖದ ಮನುಷ್ಯ. ಕೆಂಪುಗೆರೆಯ ಇಳಿಜಾರಿನಲ್ಲಿ ಅವರ ಗಾಲಿ ಜಾರಿತು. ಬಿದ್ದ ರಭಸಕ್ಕೆ ಭುಜದ ಎಲುಬು ಮುರಿಯಿತು. ಮಳೆ ಬಿಡದೆ ಹೊಡೆಯುತ್ತಿತ್ತು. ಮುಂದಿನ ಹಳ್ಳ ಏರುತ್ತಿತ್ತು. ಹಿಂಗಾಲಿ ಉಳಿದವರನ್ನೆಲ್ಲ ಬೇಗ ದಾಟಿಸಿಕೊಂಡು ಹೋದ. ಮೇಷ್ಟ್ರ ತುಟಿ ನೀಲಿಯಾಗುತ್ತಿತ್ತು. ದಾರಿ ನಿರ್ಜನ ದರ್ಜೆಯದು, ಕೂಗಿದರೆ ಓಗೊಡುವವರು ಯಾರೂ ಇಲ್ಲ. ನಾನು ಅವರನ್ನು ತೋಳಿಗೆ ಆನಿಸಿಕೊಂಡು ದಿಬ್ಬದ ಹಿಂದಕ್ಕೆ ನಡೆಸಿದೆ.

“ದೊಡ್ಡವ್ವ, ಕರ್ಕೊಂಡ್ ಬರಬಾರ್ದಿತ್ತೇನೋ,” ಎಂದೆ.

“ಅದನ್ನ ಆಮ್ಯಾಲೆ ಮಾತಾಡೂಣು. ಮೊದ್ಲು ಒಳಗ ತಾ. ಹೆಂಗ ನಡುಗಾಕತ್ತಾನ ನೋಡು.”

ಅವಳು ಹಾಡುಹಗಲೇ ಒಲೆ ಹಚ್ಚಿದಳು. ಹಳೆಯ ಸೀರೆ ಹರಿದು ಅವರ ತೋಳನ್ನು ಎದೆಗೆ ಕಟ್ಟಿದಳು. ಜೋಳದ ಗಂಜಿಯನ್ನು ತಾನೇ ಬಾಯಿಗೆ ಹಿಡಿದು ಕುಡಿಸಿದಳು. ಹಳ್ಳ ಇಳಿಯುವ ತನಕ ಮೇಷ್ಟ್ರು ಅಲ್ಲೇ ಮಲಗಿದರು. ದೊಡ್ಡವ್ವನ ಮನೆಗೆ ಎಷ್ಟೋ ಕಾಲದ ಮೇಲೆ ನೆಂಟ ಬಂದಂತಾಗಿತ್ತು. ಅವರ ಶಾಲೆಯ ಮಕ್ಕಳ ಹೆಸರನ್ನೆಲ್ಲ ಕೇಳಿಸಿಕೊಂಡಳು, ಜಾಣರು ಯಾರು, ತುಂಟರು ಯಾರು ಎಂದು ವಿಚಾರಿಸಿದಳು. ಹೊರಡುವಾಗ ಮೇಷ್ಟ್ರು ಅವಳ ಕಾಲಿಗೆ ಬಿದ್ದು ಅತ್ತರು.

ದಾರಿಗೆ ಬಂದ ಮೇಲೆ ನಾನು, “ಮೇಷ್ಟ್ರೆ, ಈ ಮನಿ ನೀವು ನೋಡಿಲ್ಲ. ಬಾಯಿ ಬಿಟ್ರ ಆಕಿನ್ನ ಎತ್ತಿ ಕೆಳಗ ಒಯ್ತಾರ,” ಎಂದೆ.

“ಇಲ್ಲ ಕಣಮ್ಮ, ನೋಡೇ ಇಲ್ಲ,” ಎಂದರು. ಆ ಹೊತ್ತಿಗೆ ಅವರು ಹಾಗೇ ನಡೆದುಕೊಳ್ಳಬೇಕೆಂದಿದ್ದರು ಎಂದು ಈಗಲೂ ನಂಬುತ್ತೇನೆ.

ಸುತ್ತು ಮುಗಿದ ಮೇಲೆ ಹೇಳುಕಟ್ಟೆ ಎಂಬುದೊಂದಿದೆ. ಸವಾರರು ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ನಿಂತು, ಕಂಡದ್ದನ್ನು ಹೇಳಬೇಕು. ಮುಂದಿನ ತಂಡದವರು ಕೇಳುತ್ತಾರೆ, ಮಂಡಳಿಯವರೂ ಕೂತಿರುತ್ತಾರೆ. ಮೇಷ್ಟ್ರು ಕಟ್ಟು ಹಾಕಿದ ತೋಳಿನಲ್ಲೇ ಎದ್ದು ನಿಂತರು. ಮೊದಲು ಕಾಡಿನ ಬಗ್ಗೆ ಹೇಳಿದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದರು.

“ಇದನ್ನ ಮುಚ್ಚಿಟ್ಕಂಡು ಹೋದ್ರೆ ನಾನು ಮನುಷ್ಯನೇ ಅಲ್ಲ. ಆ ದಾರೀಲಿ ಒಬ್ಬ ಅವ್ವ ಅವಳೆ. ಹೆತ್ತವ್ವನ ಥರ ನನ್ನ ನೋಡ್ಕಂಡ್ಲು. ನೀವೆಲ್ಲ ಆಕೆಗೆ ಕೈಮುಗೀಬೇಕು,” ಎಂದರು.

ಕಟ್ಟೆಯ ಕೆಳಗೆ ಕೂತವರು ಕಣ್ಣೊರೆಸಿಕೊಂಡರು. ಮಂಡಳಿಯ ಹಿರಿಯ ಹೆಂಗಸು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು. ಆಮೇಲೆ ಮೆಲ್ಲಗೆ, “ಆ ತಾಯಿಯ ಮನೆ ಯಾವ ತಿರುವಿನಲ್ಲಿದೆ?” ಎಂದು ಕೇಳಿದಳು. ಮೇಷ್ಟ್ರು ಸಂತೋಷದಿಂದ ಹೇಳಿದರು.

ಆ ವಾರವೇ ಮಂಡಳಿಯವರು ಬಂದರು. ಜಗಳವಿಲ್ಲ, ಗದರಿಕೆಯಿಲ್ಲ. ಸವಾರನ ಪ್ರಾಣ ಉಳಿಸಿದ್ದಕ್ಕೆಂದು ದೊಡ್ಡವ್ವನಿಗೆ ಶಾಲು ಹೊದಿಸಿ, ಹಾರ ಹಾಕಿ, ಅವಳ ಪಾತ್ರೆಪಡಗವನ್ನು ಬಂಡಿಗೆ ತುಂಬಿದರು. ನಾನು ಬಂಡಿಗೆ ಅಡ್ಡ ನಿಂತೆ. ಇಬ್ಬರು ಹುಡುಗಿಯರು ನನ್ನನ್ನು “ಅಕ್ಕಾ, ಬರ್ರಿ” ಎಂದು ಕೈಹಿಡಿದು ಪಕ್ಕಕ್ಕೆ ಕರೆದೊಯ್ದರು. ಮನೆಯ ಕಲ್ಲುಗಳನ್ನು ಒಂದೊಂದಾಗಿ ಕೆರೆಗೆ ಉರುಳಿಸಿದರು. ದೊಡ್ಡವ್ವ ಬಂಡಿಯಲ್ಲಿ ಶಾಲು ಹೊದ್ದೇ ಕೂತಿದ್ದಳು, ನಾನು ಪಕ್ಕದಲ್ಲಿ ನಡೆದೆ.

“ಕಟ್ಟಿ ಮ್ಯಾಲೆ ಅಂವ ಏನಂದ?” ಎಂದು ಕೇಳಿದಳು.

“ಹೆತ್ತವ್ವನಂಗ ನೋಡ್ಕೊಂಡ್ಲು ಅಂದ.”

“ಹಂಗಂದ್ನಾ,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಭುಜ ಕೂಡೈತಂತೇನು?” ಎಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಈಗಲೂ ಇದೆ.

ಮರುವರ್ಷ ಮೇಷ್ಟ್ರು ಮತ್ತೆ ಬಂದರು, ಚೀಲದಲ್ಲಿ ಇಳಕಲ್ ಸೀರೆ ಇಟ್ಟುಕೊಂಡು. ತಿರುವಿನಲ್ಲಿ ಇಳಿದು ದಿಬ್ಬದ ಹಿಂದೆ ಹೋದರು. ಬರಿಯ ನೆಲ ನೋಡಿ, ಮನೆ ಎಲ್ಲಿ ಎಂದು ನನ್ನನ್ನು ಕೇಳಿದರು. ನಾನು ನಡೆದದ್ದನ್ನು ಹೇಳಿದೆ.

“ಒಳ್ಳೇದಾಗ್ಲಿ ಅಂತಾನೇ ಅಲ್ವೇನಮ್ಮ ನಾನು...”

“ಗೊತ್ತೈತ್ರಿ,” ಎಂದೆ. ಸಮಾಧಾನ ಹೇಳಲಿಲ್ಲ.

ಅವರು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಮಂಡಳಿಯ ಬಾಗಿಲಿಗೆ ಅಲೆದರು, ಬೇಡಿದರು, ಕೂಗಾಡಿದರು. ಅವರು ಹೇಳಿದ ಕಥೆ ಅಷ್ಟರಲ್ಲಿ ಸವಾರರ ಬಾಯಲ್ಲೆಲ್ಲ ಹರಡಿತ್ತು. ಬಂದವರೆಲ್ಲ ಅವ್ವನ ಮನೆ ಎಲ್ಲಿ ಎಂದು ಕೇಳತೊಡಗಿದ್ದರು. ಮಂಡಳಿ ಯೋಚಿಸಿ ಒಂದು ದಾರಿ ಕಂಡುಕೊಂಡಿತು. ಮನೆಯೆಂದರೆ ರಾತ್ರಿ ಮಲಗುವ ಜಾಗ; ಹಗಲು ಕೂತು ಎದ್ದು ಹೋದರೆ ಅದು ವಾಸವಲ್ಲ. ಅದೇ ಜಾಗದಲ್ಲಿ ಹೊಸ ಕಲ್ಲು ತಂದು ಅದೇ ಅಳತೆಯ ಮನೆ ಕಟ್ಟಿಸಿದರು. ಒಲೆ ಹಚ್ಚಿಕೊಂಡು ಕೂತು, ಸವಾರರಿಗೆ ಗಂಜಿ ಕೊಟ್ಟು, ಸಂಜೆ ಬಯಲಿಗೆ ಇಳಿಯುವ ಕೆಲಸಕ್ಕೆ ಮೊದಲು ದೊಡ್ಡವ್ವನನ್ನೇ ಕೇಳಿದರು.

ಅವಳು ಸಾಲುಮನೆಯ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. “ಇದ್ದಾಗ ಇರಬ್ಯಾಡ ಅಂದ್ರಿ. ಇಲ್ಲದಾಗ ಇದ್ದಂಗ ಮಾಡು ಅಂತೀರಿ. ನನಗ ಬರಂಗಿಲ್ಲಪ್ಪ ಅದು,” ಎಂದು ಒಳಗೆ ಹೋದಳು.

ಬೇರೊಬ್ಬಳನ್ನು ಕೂರಿಸಿದರು. ಅವಳನ್ನೂ ಹೊನ್ನೂರಮ್ಮ ಎಂದೇ ಕರೆಯುತ್ತಾರೆ. ಅವಳು ಬಿಟ್ಟ ಮೇಲೆ ಬಂದವಳನ್ನೂ ಹಾಗೆಯೇ. ನನ್ನ ದೊಡ್ಡವ್ವ ಕಳೆದ ಚಳಿಯಲ್ಲಿ ತೀರಿಕೊಂಡಳು. ಗಂಡನ ಪಕ್ಕದಲ್ಲಿ, ಕೆರೆಯ ದಂಡೆಯಲ್ಲಿ ಮಣ್ಣು ಮಾಡಲು ಕೇಳಿದೆವು, ಬಿಡಲಿಲ್ಲ. ಮೇಷ್ಟ್ರು ಬಂದು ಹೆಗಲು ಕೊಟ್ಟರು. ಅವರು ನನ್ನೊಡನೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಆ ದಿನವೂ ಮೇಲಿನ ಮನೆಯಲ್ಲಿ ಒಲೆ ಉರಿಯಿತು, ಸವಾರರು ಗಂಜಿ ಕುಡಿದರು. ನಾನು ಮುಂಗಾಲಿಯ ಕೆಲಸ ಬಿಟ್ಟೆ. ಈಗ ಸಾಲುಮನೆಯ ಮಕ್ಕಳ ಸೈಕಲ್ಲಿಗೆ ಪಂಕ್ಚರ್ ಹಾಕುತ್ತೇನೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ನಾಳೆ ನೀವು ಹೋಗುವ ದಾರಿಯಲ್ಲಿ ಯಾರೋ ಒಬ್ಬಳು ನಿಮಗೆ ಒಂದು ತಂಬಿಗೆ ನೀರು ಕೊಡುತ್ತಾಳೆ. ಮರಳಿ ಹೋಗಿ, ಅಲ್ಲಿ ಯಾರೂ ಇರಲಿಲ್ಲ ಎನ್ನಬೇಡಿ. ಇದ್ದಳು ಎಂದು ನಾಲ್ಕು ಜನರ ಮುಂದೆ ಹೇಳುವ ಮೊದಲು, ಹೇಳಲೇ ಎಂದು ಅವಳನ್ನೇ ಕೇಳಿ. ಅವಳು ಬೇಡವೆಂದರೆ ಸುಮ್ಮನಿರಿ.

ನೀವು ಕೇಳುವುದಿಲ್ಲ ಎಂಬುದು ನನಗೆ ಗೊತ್ತು. ಕೇಳಿದ್ದರೆ ಈ ಕಾಗದ ಬರೆಯುವ ಪ್ರಸಂಗವೇ ನನಗೆ ಬರುತ್ತಿರಲಿಲ್ಲ.

ಇಂತು,
ಓಬಳಮ್ಮ