ಮಾವಿಸ್‌ಳ ಊಟಕ್ಕೆ ಯಾರೂ ಬರಲಿಲ್ಲ

ಎಲ್ಡಾ ಕ್ರೀಕ್, ನೆಬ್ರಾಸ್ಕಾ
ಏಪ್ರಿಲ್ 19, 2009, ಭಾನುವಾರ

ಪ್ರೀತಿಯ ಕರ್ಟ್,

ಆರೋಗ್ಯವಾಗಿದ್ದೀಯಾ? ಜೋನಿಯ ಬೆನ್ನುನೋವು ಈಗ ಹೇಗಿದೆ? ಒಮಾಹಾದಲ್ಲಿ ಹಿಮ ಆಗಲೇ ಕರಗಿತೆಂದು ಕೇಳಿದೆ. ಇಲ್ಲಿ ಗುಡ್ಡಗಳ ಬಡಗಣ ಮಗ್ಗುಲಲ್ಲಿ ಇನ್ನೂ ಕೊಳಕು ಬಿಳುಪಾಗಿ ಉಳಿದುಕೊಂಡಿದೆ. ನಿನ್ನ ಅಪ್ಪ ಓಡಾಡಿಕೊಂಡಿದ್ದಾನೆ. ಸೊಂಟದ ನೋವು ಹಾಗೇ ಇದೆ. ಮಾತಾಡಿಸಿದರೆ ಮಾತಾಡುತ್ತಾನೆ, ತಾನಾಗಿ ಮಾತು ತೆಗೆಯುವುದಿಲ್ಲ.

ಕ್ಷೇಮ ವಿಚಾರಿಸದೆ ಕಾಗದ ಬರೆಯಬಾರದೆಂದು ನಿನ್ನ ಅಜ್ಜಿ ನಮಗೆ ಕಲಿಸಿದ್ದಳು. ವಿಚಾರಿಸಿದ್ದಾಯಿತು. 2007ರ ಮೇ ತಿಂಗಳ ಮೂರನೆಯ ಶನಿವಾರ ನಿನ್ನ ಅಪ್ಪನಿಗೂ ಮಾವಿಸ್ ಟೆಸಾರ್‌ಗೂ ಒಂದು ಅನ್ಯಾಯವಾಯಿತು. ಅದನ್ನು ಮಾಡಿದವರು ಈ ಕಣಿವೆಯ ನೆರೆಹೊರೆಯವರು ಎಂದು ನಾವು ಇಷ್ಟು ದಿನ ನಂಬಿಕೊಂಡಿದ್ದೆವು. ಮಾಡಿದವನು ನೀನು.

ಕೂತುಕೊಂಡು ಓದು. ನಡುವೆ ಎದ್ದು ಹೋಗಬೇಡ. ನಾನು ಜೀವಮಾನವಿಡೀ ಮೇಷ್ಟ್ರಗಿರಿ ಮಾಡಿದವಳು. ರಸ್ತೆ ಕಿತ್ತುಹೋದಾಗ, ಲೈಬ್ರರಿ ಮುಚ್ಚಲು ಹೊರಟಾಗ ಪತ್ರಿಕೆಗೆ ಬರೆದು ಬರೆದು ಅಧಿಕಾರಿಗಳಿಂದ ಬೈಸಿಕೊಂಡವಳು. ಆದರೆ ಸ್ವಂತ ಅಣ್ಣತಮ್ಮಂದಿರ ಮಕ್ಕಳ ಮೇಲೆ ದೂರು ಬರೆಯುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ.

ಮಾವಿಸ್ ಈ ಮನೆಯ ಅಂಗಳಕ್ಕೆ ಹೇಗೆ ಬಂದಳೆಂಬುದು ನಿನಗೆ ಗೊತ್ತಿಲ್ಲ, ಏಕೆಂದರೆ ನೀನು ಕೇಳಲಿಲ್ಲ. ನಿನ್ನ ತಾಯಿ ಆರ್ಡಿತ್ ತೀರಿಕೊಂಡು ಮೂರು ವರ್ಷವಾಗಿತ್ತು. ಹಸುಗಳು ಕರು ಹಾಕುವ ಮಾರ್ಚ್ ತಿಂಗಳು. ನಿನ್ನ ಅಪ್ಪನ ಒಳ್ಳೆಯ ಹಸುವೊಂದರ ಕರು ಸತ್ತಿತು. ಹೊಳೆಯಾಚೆಯ ಮಾವಿಸ್‌ಳ ಹಸು ಅವಳಿ ಹಾಕಿ, ಒಂದನ್ನು ಹತ್ತಿರ ಸೇರಿಸದೆ ಒದೆಯುತ್ತಿತ್ತು. ಸುದ್ದಿ ಕೇಳಿ ಆ ಕರುವನ್ನು ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೇಬಿಟ್ಟಳು. ನಿನ್ನ ಅಪ್ಪ ಗಾಡಿಯೊಳಗೆ ಇಣುಕಿ, "ಇದಕ್ಕೆ ಸೀಟ್‌ಬೆಲ್ಟ್ ಬೇರೆ ಕಟ್ಟಿದ್ದೀಯಲ್ಲೇ!" ಎಂದ. ಅವಳು, "ನನ್ನ ಗಂಡ ಬದುಕಿದ್ದಷ್ಟು ದಿನವೂ ಕಟ್ಟಿಕೊಳ್ಳಲಿಲ್ಲ, ಇದಾದ್ರೂ ಹೇಳಿದ ಮಾತು ಕೇಳ್ತು" ಎಂದಳು. ಸತ್ತ ಕರುವಿನ ಚರ್ಮ ಸುಲಿದು ಈ ಕರುವಿಗೆ ಅಂಗಿಯಂತೆ ಕಟ್ಟುವ ಕೆಲಸಕ್ಕೆ ಅವನ ಕೈ ಏಳಲಿಲ್ಲ. ಅವಳೇ ಮಾಡಿದಳು. ಹಸು ಮೂಸಿ ನೋಡಿ, ತನ್ನದೇ ಕರುವೆಂದು ಮೊಲೆ ಕೊಡುತ್ತದೋ ಇಲ್ಲವೋ ಎಂದು ಇಬ್ಬರೂ ಬಕೆಟ್ ಬೋರಲು ಹಾಕಿಕೊಂಡು ದೊಡ್ಡಿಯ ಮೂಲೆಯಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದರು. ನಾನು ಕಾಫಿ ತೆಗೆದುಕೊಂಡು ಹೋದಾಗ ನಿನ್ನ ಅಪ್ಪ ನಗುತ್ತಿದ್ದ. ಕರು ಹಾಲು ಕುಡಿಯುತ್ತಿತ್ತು, ನಿಜ. ಆದರೆ ಅವನು ನೋಡುತ್ತಿದ್ದದ್ದು ಕರುವನ್ನಲ್ಲ.

ಆಮೇಲೆ ಒಂದು ವರ್ಷ ಅವನು ಮನುಷ್ಯನಂತೆ ಬದುಕಿದ. ಊಟ ಮಾಡಿದ, ಕೂದಲು ಕತ್ತರಿಸಿಕೊಂಡ, ನನ್ನ ಜೊತೆ ಜಗಳವಾಡಿದ. ಅವಳು ಏಪ್ರಿಕಾಟ್ ತುಂಬಿದ ತನ್ನ ಬೊಹೀಮಿಯದವರ ಸಿಹಿ ಬನ್ನು ತರುತ್ತಿದ್ದಳು. ಅವನು ಅವಳ ಬೇಲಿ ರಿಪೇರಿ ಮಾಡಿಕೊಡುತ್ತಿದ್ದ. ಬೇಲಿ ಎಷ್ಟು ಸಲ ಕಿತ್ತುಹೋಗುತ್ತಿತ್ತೆಂದರೆ, ಅವಳೇ ಕೀಳುತ್ತಾಳೇನೋ ಎಂದು ನಾನು ತಮಾಷೆ ಮಾಡುತ್ತಿದ್ದೆ. ಮದುವೆಯ ಮಾತನ್ನು ಕರುಗಳಿಗೆ ಮನೆಯ ಗುರುತಿನ ಬರೆ ಹಾಕುವ ದಿನ, ಕೈಜೋಡಿಸಲು ಬಂದ ನೆರೆಯವರು ಊಟಕ್ಕೆ ಕೂತ ಹೊತ್ತಿಗೆ, ಎಲ್ಲರೆದುರು ಹೇಳುವುದೆಂದು ಇಬ್ಬರೂ ಗೊತ್ತುಮಾಡಿದರು. ನಿನಗೆ ಮೊದಲೇ ತಿಳಿಸಿದ್ದು ನಾನೇ. ನೀನು ಫೋನಿನಲ್ಲಿ ಹೇಳಿದ ಮಾತು ನೆನಪಿದೆ: "ಅತ್ತೆ, ಅಮ್ಮನ ಒಲೆ ಮುಂದೆ ಇನ್ನೊಬ್ಬಳು ನಿಂತು ಇಡೀ ಊರಿಗೆ ಬಡಿಸೋದನ್ನ ನನ್ನ ಕೈಲಿ ನೋಡೋಕಾಗಲ್ಲ." ನಿನ್ನ ಸಂಕಟ ನನಗೆ ಅರ್ಥವಾಯಿತು. ಆರ್ಡಿತ್ ನನಗೂ ಗೆಳತಿಯಾಗಿದ್ದಳು. ನೋಡಲಾಗದಿದ್ದರೆ ನೀನೊಬ್ಬ ಬರದಿದ್ದರೆ ಆಗುತ್ತಿತ್ತು.

ಬರೆ ಹಾಕುವ ದಿನಕ್ಕೆ ನಮ್ಮಲ್ಲಿ ಜನ ಬಾರದೆ ಇದ್ದದ್ದೇ ಇಲ್ಲ. 1961ರಲ್ಲಿ ನನ್ನ ಅಪ್ಪ ಸತ್ತಾಗ, ಮಣ್ಣು ಮಾಡುವ ಮುಂಚೆಯೇ ನೆರೆಯವರು ಬಂದು, ನಾವು ಕೇಳದೆಯೇ ಎಲ್ಲ ಕರುಗಳಿಗೂ ಬರೆ ಹಾಕಿ, ದೊಡ್ಡಿ ಗುಡಿಸಿ ಹೋಗಿದ್ದರು. ಅಂಥ ಸೀಮೆಯಲ್ಲಿ, ಆ ಶನಿವಾರ ಬೆಳಿಗ್ಗೆ, ಕರುಗಳನ್ನು ತಾಯಂದಿರಿಂದ ಬೇರೆ ಮಾಡಿ, ಬೆಂಕಿ ಹಾಕಿ, ಕಬ್ಬಿಣ ಕಾಯಿಸಿ ಕೂತೆವು. ಬೇರೆಯಾದ ಕರುಗಳ ಕೂಗು ಏರುತ್ತಾ ಹೋಯಿತು. ದಾರಿಯಲ್ಲಿ ಧೂಳು ಏಳಲಿಲ್ಲ. ಹೊಸ ಷರ್ಟು ಹಾಕಿಕೊಂಡಿದ್ದ ನಿನ್ನ ಅಪ್ಪ ಗೇಟಿನ ಹತ್ತಿರ ಹೋಗಿ ಹೋಗಿ ಬರುತ್ತಿದ್ದ. ಕೊನೆಗೆ, "ಶುರು ಮಾಡೋಣ" ಎಂದು ಕುದುರೆ ಹತ್ತಿದ. ಅವನು ಹಗ್ಗ ಬೀಸಿದ, ಮಾವಿಸ್ ಕರುಗಳನ್ನು ಕೆಡವಿ ಹಿಡಿದಳು, ನಾನು ಬರೆ ಹಾಕಿದೆ. ಇಬ್ಬರು ಮುದುಕಿಯರು, ಒಬ್ಬ ಸೊಂಟ ಬಿದ್ದ ಮುದುಕ. ಅರ್ಧ ಕೆಲಸವೂ ಮುಗಿಯಲಿಲ್ಲ. ಒಳಗೆ ಉದ್ದಕ್ಕೆ ಹಾಕಿದ ಮೇಜಿನ ಮೇಲೆ ಹಂದಿಮಾಂಸ, ಆಲೂಗಡ್ಡೆ, ಬನ್ನಿನ ರಾಶಿ, ಎಲ್ಲ ಆರುತ್ತಿತ್ತು. ಮಾವಿಸ್ ಕೈ ತೊಳೆದು ಬಂದು ನಮ್ಮಿಬ್ಬರಿಗೆ ಬಡಿಸಿ, ಉಳಿದದ್ದಕ್ಕೆ ಬಟ್ಟೆ ಮುಚ್ಚಿದಳು. ಅಳಲಿಲ್ಲ.

ಮುಂದಿನ ತಿಂಗಳು ಹೊಳೆಯಾಚೆಯ ಮನೆಯನ್ನು ಬಿಟ್ಟು ತಂಗಿಯ ಊರಿಗೆ ಹೊರಟುಬಿಟ್ಟಳು. ಹೋಗುವಾಗ ಅವನಿಗೆ ಹೇಳಿದ್ದು ಇಷ್ಟೇ: "ವರ್ಲಿನ್, ನಿನ್ನ ಜನರನ್ನ ಕಳ್ಕೊಂಡು ನನ್ನನ್ನ ಇಟ್ಕೊಂಡ್ರೆ, ನನ್ನ ಮುಖ ನೋಡಿದಾಗೆಲ್ಲ ಆ ಖಾಲಿ ಮೇಜು ಕಾಣುತ್ತೆ ನಿಂಗೆ. ನಂಗೆ ಅದು ಬೇಡ." ಅವನು ಹೋಗಿ ಕರೆದ, ಮತ್ತೆ ಹೋಗಿ ಕರೆದ. ಬರಲಿಲ್ಲ. ಈ ಫೆಬ್ರವರಿಯಲ್ಲಿ ನ್ಯುಮೋನಿಯಾ ಬಂದು ತೀರಿಹೋದಳು. ಇಲ್ಲಿ ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು. ನಿನ್ನ ಅಪ್ಪ ಚರ್ಚಿನವರೆಗೆ ಬಂದ. ಹೊರಗೆ ಪಿಕಪ್‌ನಲ್ಲೇ, ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಳಗಿರುವ ಜನರ ಮುಖ ನೋಡಲಾರೆ ಎಂದ.

ಆ ಜನರ ಮುಖ ನಾನು ನೋಡಿದೆ. ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಚರ್ಚಿನ ನೆಲಮಾಳಿಗೆಗೆ ಇಳಿದಾಗ, ತಟ್ಟೆ ಹಿಡಿದು ನಿಂತಿದ್ದ ನೆರೆಯ ಡೆಲ್ಮರ್ ಕ್ರಾಂಪ್‌ನನ್ನು ಅಡ್ಡಗಟ್ಟಿ, "ಬದುಕಿದ್ದಾಗ ಅವಳ ಕೈಯೂಟ ಬೇಡವಾಗಿತ್ತು, ಈಗ ಅವಳ ಹೆಸರಲ್ಲಿ ಸ್ಯಾಂಡ್‌ವಿಚ್ ತಿನ್ನೋಕೆ ನಾಚಿಕೆ ಆಗಲ್ವಾ?" ಎಂದೆ. ಅವನು ತಟ್ಟೆ ಕೆಳಗಿಟ್ಟ. "ಏನ್ ಮಾತಾಡ್ತಿದ್ದೀಯ ಅರ್ಲಿಸ್? ಬರಬೇಡಿ ಅಂದಿದ್ದು ನೀವೇ ತಾನೆ? ಕರ್ಟ್ ಫೋನ್ ಮಾಡಿದ್ದ. ಅಪ್ಪಂಗೆ ಎದೆ ಸರಿಯಿಲ್ಲ, ಬರೆ ಹಾಕೋದು ನಿಲ್ಲಿಸಿದ್ದೀವಿ ಅಂದ. ಫೋನ್ ಮಾಡಿ ವಿಚಾರಿಸ್ಬೇಡಿ, ಅವರಿಗೆ ಅವಮಾನ ಆಗುತ್ತೆ ಅಂದ." ಪಕ್ಕದಲ್ಲಿದ್ದ ಅವನ ಹೆಂಡತಿ ಬರ್ನಡೀನ್, "ನನ್ನ ಪೈ ಎರಡು ಬೆಂದು ಕೂತಿದ್ವು ಕಣೇ! ಆಮೇಲೆ ವರ್ಲಿನ್ ನಮ್ಮನೆ ಬರೆ ಹಾಕೋ ಕೆಲಸಕ್ಕೂ ಬರಲಿಲ್ಲ, ದನದ ಹರಾಜಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ತಿದ್ದ. ಮಾವಿಸ್ ಸಿಕ್ಕಿದ್ಮೇಲೆ ನಾವು ಬೇಡವಾದ್ವಿ ಅಂದ್ಕೊಂಡ್ವಿ" ಎಂದಳು. ಇನ್ನೂ ಎರಡು ಮನೆಗಳಲ್ಲಿ ವಿಚಾರಿಸಿದೆ. ಅದೇ ಫೋನು, ಅದೇ ಮಾತು.

ಈ ಸೀಮೆಯಲ್ಲಿ ಯಾಕೆ ಬರಲಿಲ್ಲವೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಕೈಚಾಚಿ ಬೇಡಿದಂತೆ. ಹೊರಗಿನವನು ಈ ಸುಳ್ಳು ಹೇಳಿದ್ದರೆ ಅದು ಒಂದು ದಿನವೂ ನಿಲ್ಲುತ್ತಿರಲಿಲ್ಲ. ನೀನು ಇಲ್ಲೇ ಬೆಳೆದವನು. ನಾವು ಕೇಳುವುದಿಲ್ಲವೆಂದು ನಿನಗೆ ಗೊತ್ತಿತ್ತು. ನನಗೆ ಸಹಿಸಲಾಗದಿರುವುದು ಅದು. ಅವಳನ್ನು ಓಡಿಸಲು ನೀನು ನಮ್ಮ ಮರ್ಯಾದೆಯನ್ನೇ ಆಯುಧ ಮಾಡಿಕೊಂಡೆ.

ಈ ವರ್ಷ ಮೇ 16ರಂದು ಬರೆ ಹಾಕುತ್ತೇವೆ. ನೆರೆಯವರೆಲ್ಲ ಬರುತ್ತಾರೆ. ನಿನ್ನ ಅಪ್ಪನಿಗೆ ಹಾಗೆಂದಾಗ, "ಬಂದ್ರೆ ಬರಲಿ. ದೊಡ್ಡ ಮೇಜು ಮಾತ್ರ ಹಾಕಬೇಡ" ಎಂದು ಎದ್ದು ಹೋದ.

ಜೋನಿಗೂ ಮಕ್ಕಳಿಗೂ ನನ್ನ ಮುದ್ದು. ದೇವರು ನಿಮ್ಮನ್ನು ಕಾಯಲಿ. ನಿನಗೆ ಧೈರ್ಯವನ್ನೂ ಕೊಡಲಿ.

ನಿನ್ನ ಅತ್ತೆ,
ಅರ್ಲಿಸ್

ಮರೆತ ಮಾತು: ನಿನ್ನ ಅಪ್ಪನಿಗೆ ಇದು ಇನ್ನೂ ಗೊತ್ತಿಲ್ಲ. ಇಡೀ ಊರು ತನ್ನ ಹೆಂಗಸನ್ನು ತಿರಸ್ಕರಿಸಿತೆಂದೇ ನಂಬಿದ್ದಾನೆ. ಅವಳು ಹಾಗೆ ನಂಬಿಯೇ ಸತ್ತಳು, ಇವನು ಹಾಗೆ ಸಾಯಬಾರದು. ಬರ್ನಡೀನ್ ಬಾಯಿ ಬಿಗಿಹಿಡಿದಿದ್ದಾಳೆ, ನಾನೂ ಹೇಳುವುದಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು. ನನಗೆ ಕ್ಷಮಾಪಣೆಯ ಕಾಗದ ಬರೆಯಬೇಡ, ಅಪ್ಪನನ್ನು ಒಬ್ಬನೇ ಕರೆದು ಕಿವಿಯಲ್ಲಿ ಹೇಳಿ ಮುಗಿಸಲೂ ಬೇಡ. ಬರೆ ಹಾಕುವ ದಿನ ಬಾ. ಎಲ್ಲರೂ ಊಟಕ್ಕೆ ಕೂತಾಗ ಎದ್ದು ನಿಂತು, ಮಾವಿಸ್ ಟೆಸಾರ್‌ಳನ್ನು ಇಲ್ಲಿ ಬೇಡವೆಂದವನು ನೀನೊಬ್ಬನೇ ಎಂದು ಅವಳ ಹೆಸರು ಹಿಡಿದು ಹೇಳು. ಆಮೇಲೆ ಅಪ್ಪನ ಕಡೆ ತಿರುಗಿ, ಯಾಕೆ ಹಾಗೆ ಮಾಡಿದೆಯೆಂದು ಅಷ್ಟೂ ಜನರ ಮುಂದೆ ಉತ್ತರ ಕೊಡು.