ಕೌದಿಯ ನಡುವಿನ ಜಾಗ

ಮನೆಯ ಹಿಂದಿನ ಕೋಣೆ,
ಅಮ್ಮನ ಇಸ್ತ್ರಿ ಮೇಜಿನ ಮೇಲಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಮಹಾಮಹಿಮ ಅಣ್ಣನವರ ದಿವ್ಯ ಪಾದಗಳಿಗೆ (ಸಾಕ್ಸು ಒಗೆದಿದ್ದರೆ ಮಾತ್ರ) ತಂಗಿಯಾದ ಇಲಿಮರಿಯು ಮಾಡುವ ಸಾಷ್ಟಾಂಗ ನಮಸ್ಕಾರ.

ನೀನು ಹೇಗಿದ್ದೀಯ? ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೋ, ಬನ್ನು ತಿಂದು ನೀರು ಕುಡಿದು ಮಲಗುತ್ತೀಯೋ? ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಬಟ್ಟೆ ಕತ್ತರಿಸಿ ಕಾಲು ಊದುತ್ತದೆ ಅಂದಿದ್ದೆಯಲ್ಲ, ಊತ ಇಳಿಯಿತೇ? ಕೈಬೆರಳು ಹತ್ತೂ ಸ್ವಸ್ಥಾನದಲ್ಲಿವೆಯೇ? ಎಣಿಸಿ ತಿಳಿಸತಕ್ಕದ್ದು. ಇಲ್ಲಿ ನಾನು ಕ್ಷೇಮ. ಅಪ್ಪನ ಸೊಂಟ ಎಂದಿನಂತೆ ಗ್ಯಾರೇಜಿನ ಬಸ್ಸುಗಳ ಕೆಳಗೆ ಅರ್ಧ, ಮನೆಯಲ್ಲಿ ಅರ್ಧ. ಅಜ್ಜಿಯ ಕಿವಿ ತನಗೆ ಬೇಕಾದ ಮಾತನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಅಮ್ಮನ ವಿಷಯ ಮುಂದೆ ಬರುತ್ತದೆ. ಇಲ್ಲಿಗೇ ಕಾಗದ ಮಡಿಚಿ ಜೇಬಿಗಿಳಿಸಬೇಡ. ಫೋನಿನಲ್ಲಾದರೆ ಅಮ್ಮನ ಹೆಸರು ಬಂದ ಕೂಡಲೇ ನಿನ್ನ ಸೂಪರ್‌ವೈಸರ್ ನಿನ್ನನ್ನು ಕರೆಯುತ್ತಾನೆ. ಎಂಥ ಚುರುಕು ಕಿವಿಯಪ್ಪಾ ಅವನದು! ಅದಕ್ಕೇ ಈ ಕಾಗದ. ಇದನ್ನು ಓದುವಾಗ ಅವನು ಕರೆದರೂ ಅಕ್ಷರಗಳು ಎದ್ದು ಹೋಗುವುದಿಲ್ಲ.

ಮೊದಲು ಮನೆಯ ಮುಖ್ಯ ವಾರ್ತೆ. ಬುಧವಾರದಿಂದ ನಮ್ಮ ಮನೆಯಲ್ಲಿ ಘೋರ ಕಳ್ಳತನವೊಂದು ನಡೆದು ತನಿಖೆ ಜಾರಿಯಲ್ಲಿದೆ. ಅಮ್ಮ ಕೌದಿ ಹೊಲಿಯುವ ಸೂಜಿಗಳು ಮೂರಕ್ಕೆ ಮೂರೂ ಡಬ್ಬಿಯಿಂದ ಮಾಯ. ಮೊದಲ ಅನುಮಾನ ಸಹಜವಾಗಿಯೇ ನನ್ನ ಮೇಲೆ ಬಂತು. ಸಕ್ಕರೆ ಡಬ್ಬಿಗೆ ಉಪ್ಪು ಸುರಿದವಳು, ಅಜ್ಜಿಯ ಕನ್ನಡಕಕ್ಕೆ ಸೋಪು ಹಚ್ಚಿ "ಮನೆಯೊಳಗೆ ಮಂಜು ಬಂತಲ್ಲೇ" ಅನ್ನಿಸಿದವಳು ಎಂದು ನನ್ನ ಪೂರ್ವಚರಿತ್ರೆಯನ್ನು ಅಪ್ಪ ಗಂಭೀರವಾಗಿ ಓದಿ ಹೇಳಿದರು. ನಾನು ಕೈಕಟ್ಟಿ ನಿಂತು, ಘನ ನ್ಯಾಯಾಲಯವು ಅಜ್ಜಿಯನ್ನೂ ವಿಚಾರಿಸಬೇಕೆಂದು ಬೇಡಿಕೊಂಡೆ. ಅಜ್ಜಿ, "ಸೂಜಿ ನಾನೇನು ನುಂಗ್ತೀನಾ? ಇರೋ ಎರಡು ಹಲ್ಲಿಗೆ ಅನ್ನ ನುಂಗೋದೇ ಕಷ್ಟ" ಅಂದಳು. ಮಾರನೇ ದಿನ ಅಪ್ಪ ಗ್ಯಾರೇಜಿನಿಂದ ದೊಡ್ಡ ಅಯಸ್ಕಾಂತ ತಂದು ಮಂಡಿಯೂರಿ ನೆಲವನ್ನೆಲ್ಲ ಸವರಿದರು. ಸಿಕ್ಕಿದ್ದು ತುಕ್ಕು ಹಿಡಿದ ಮೊಳೆ, ಅಮ್ಮನ ಹೇರ್‌ಪಿನ್ನು, ಮತ್ತೆ ಒಂದು ಬೋಲ್ಟು. ಯಾವುದು ಗೊತ್ತೇ? ನೀನು ನುಂಗಿಬಿಟ್ಟೆ ಅಂತ ಅಪ್ಪ ನಿನ್ನನ್ನು ತಲೆಕೆಳಗಾಗಿ ಹಿಡಿದು ಆಸ್ಪತ್ರೆಗೆ ಓಡಿದ್ದರಂತಲ್ಲ, ಅದೇ ಬೋಲ್ಟು! ಇಷ್ಟು ವರ್ಷ ಬೀರುವಿನ ಕೆಳಗೆ ಸುಮ್ಮನೆ ಬಿದ್ದಿತ್ತು. ಅಮ್ಮ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. "ಅಂದ್ರೆ ಅವನ ಹೊಟ್ಟೇಲಿ ಏನೂ ಇರಲಿಲ್ಲ" ಅಂದಳು. ಆಮೇಲೆ ನಕ್ಕಳು. ನಕ್ಕರೆ ನೋವಾಗುತ್ತದೆ, ಆದರೂ ನಕ್ಕಳು.

ಅಮ್ಮನ ವಿಷಯ ಬಂದೇಬಿಟ್ಟಿತು ನೋಡು. ಇನ್ನು ಮುಂದಿನದನ್ನು ಬಿಡದೆ ಓದಬೇಕಾದವನು ನೀನು. ಆಸ್ಪತ್ರೆಯಿಂದ ಕಳಿಸಿದರು ಅಂತ ನಿನಗೆ ಹೇಳಿದೆವಲ್ಲ, ಗುಣವಾಗಿ ಕಳಿಸಿದ್ದಲ್ಲ. ಡಾಕ್ಟರು ಅಪ್ಪನನ್ನು ಕಾರಿಡಾರಿಗೆ ಕರೆದು, ಹೊಟ್ಟೆಯ ಗಡ್ಡೆಗೆ ತಾವು ಮಾಡುವಂಥದ್ದು ಇನ್ನೇನೂ ಉಳಿದಿಲ್ಲ, ಮನೆಯಲ್ಲಿ ತನ್ನವರ ಜೊತೆ ಇರಲಿ ಅಂದರಂತೆ. ಅಪ್ಪ ಬಂದು, "ಮನೆಗೆ ಹೋಗಬಹುದಂತೆ" ಅಂತ ಅಷ್ಟೇ ಹೇಳಿದರು. ಅಮ್ಮ ಅವರ ಮುಖ ನೋಡಿ, "ಸರಿ, ಮೂಟೆಯಲ್ಲಿರೋ ಹಳೇ ಬಟ್ಟೆಗೆ ಒಂದು ಗತಿ ಕಾಣಿಸೋಣ" ಅಂದಳು. ಬಂದ ದಿನವೇ ಮಂಚದ ಮೇಲೆ ಹಳೆ ಹಾಸು ಹರಡಿ ಕೌದಿ ಶುರು ಮಾಡಿದಳು. ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕಿದ ಕೈ ಅದು. ಸುಮ್ಮನೆ ಕೂತರೆ ಅದಕ್ಕೆ ಅವಮಾನವಾಗುತ್ತದೆ. ಮಾತ್ರೆ ಕೊಟ್ಟರೂ ನರಳುತ್ತಾಳೆ, ಅಣ್ಣಾ. ಆದರೆ ಕೈಯಲ್ಲಿ ಸೂಜಿ ಇರುವಷ್ಟು ಹೊತ್ತು ನರಳುವುದಿಲ್ಲ. ಒಂದು ಟಾಕು, ಒಂದು ಉಸಿರು. ನಾನು ದಾರ ಪೋಣಿಸಿ ಕೊಡುತ್ತೇನೆ, ಅಜ್ಜಿ ಚೂರುಗಳ ಅಂಚು ಮಡಿಚಿ ಕೊಡುತ್ತಾಳೆ. ಸಾಯುವ ವಯಸ್ಸಿನವಳು ತಾನು, ಮಲಗಿರುವವಳು ಮಗಳು ಅನ್ನುವುದು ಅಜ್ಜಿಗೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಿಲ್ಲ. ಕೇಳಲು ನನಗೆ ಧೈರ್ಯವಿಲ್ಲ. ಅವಳು ಮಡಿಚಿದ್ದನ್ನೇ ಮತ್ತೆ ಮತ್ತೆ ಮಡಿಚುತ್ತಾಳೆ.

ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಹೋಗಬೇಕು, ನೋಡಿದ್ದೀಯಲ್ಲ. ಅಂಚಿನಲ್ಲಿ ಅಮ್ಮನ ಟಾಕು ಎಳ್ಳು ಜೋಡಿಸಿಟ್ಟಂತೆ ಸಣ್ಣಗೆ, ನೇರ. ನಾಲ್ಕು ಸುತ್ತು ಒಳಗೆ ಬಂದರೆ ಅಕ್ಕಿಕಾಳಿನಷ್ಟು. ಇನ್ನೂ ಒಳಗೆ ಬಂದರೆ ಕುಡುಕ ನಡೆದ ಹಾಗೆ ಅತ್ತಿತ್ತ. ಡಾಕ್ಟರ ಚೀಟಿ ನನಗೆ ಓದಲು ಬರುವುದಿಲ್ಲ, ಕೌದಿ ಓದಲು ಬರುತ್ತದೆ. ಎಲ್ಲ ಕುಟುಂಬ ಸದಸ್ಯರೂ ಅದರಲ್ಲಿ ಹಾಜರಿದ್ದಾರೆ. ಅಪ್ಪನ ಗ್ಯಾರೇಜಿನ ಪ್ಯಾಂಟಿದೆ, ಎಷ್ಟು ಒಗೆದರೂ ಹೋಗದ ಗ್ರೀಸಿನ ಸಮೇತ. ಅಜ್ಜಿಯ ಸೀರೆ ಇದೆ, ಸವೆದು ಸವೆದು ಅದರ ಆಚೆ ಇರುವ ಬೆರಳು ಕಾಣುತ್ತದೆ. ಗೋಡೆ ಹಾರುವಾಗ ಹರಿದ ನನ್ನ ಲಂಗ ಇದೆ. ಅದು ನನ್ನ ಶೌರ್ಯಕ್ಕೆ ಸಂದ ಸ್ಮಾರಕ. ಹೋದ ವಾರ ಅಮ್ಮ ತನ್ನ ನೀಲಿ ಸೀರೆಯನ್ನೂ ಕೊಟ್ಟಳು, ಇಸ್ತ್ರಿ ಪೆಟ್ಟಿಗೆ ಬಿದ್ದು ಸುಟ್ಟ ಕಂದು ಗುರುತಿದೆಯಲ್ಲ, ಅದು. "ಇದು ಇನ್ನೂ ಚೆನ್ನಾಗಿದೆಯಲ್ಲಮ್ಮಾ, ಉಟ್ಟುಕೊಳ್ಳಬಹುದು" ಅಂದೆ. ಅವಳು ಕತ್ತರಿ ನನ್ನ ಕಡೆಗೆ ನೂಕಿ, "ನೀನು ಕತ್ತರಿಸ್ತೀಯೋ, ನಾನೇ ಏಳಲೋ?" ಅಂದಳು. ನಾನೇ ಕತ್ತರಿಸಿದೆ. ಕತ್ತರಿಯ ಸದ್ದು ಅಷ್ಟು ಜೋರಾಗಿ ಕೇಳಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ನಿನಗೊಂದು ಕಹಿ ಸುದ್ದಿ. ಮನಸ್ಸು ಗಟ್ಟಿ ಮಾಡಿಕೊಳ್ಳತಕ್ಕದ್ದು. ನೀನು ತಿಂಗಳು ತಿಂಗಳೂ ಬಸ್ಸಿನಲ್ಲಿ ಕಳಿಸುವ ಕಾರ್ಖಾನೆಯ ಚೂರುಗಳ ಗಂಟಿದೆಯಲ್ಲ, ಹೂವಿನದು, ಗೀಟಿನದು, ಬೆಣ್ಣೆಯಂಥ ಬಿಳಿಯದು, ಅದರಲ್ಲಿ ಒಂದೇ ಒಂದು ಚೂರೂ ಕೌದಿಗೆ ಸೇರಿಲ್ಲ. ಅಮ್ಮನ ಮಂಚದ ಕೆಳಗೆ ಗಂಟಿನ ಮೇಲೆ ಗಂಟು ಪೇರಿಸಿಟ್ಟಿದ್ದೇವೆ, ಬಿಚ್ಚಿಯೂ ಇಲ್ಲ. ಬಾಯಿ ತಪ್ಪಿ ನಿನಗೆ ಹೇಳಿಬಿಡುತ್ತೇನೆ ಅಂತ ಅಮ್ಮ ನನ್ನ ಕಿವಿ ಹಿಂಡಿ ಇಟ್ಟಿದ್ದಳು. "ಮೈ ಸೋಕದ ಬಟ್ಟೆ ಕೌದಿಗೆ ಬರಲ್ಲ ಕಣೇ, ಅದಕ್ಕೆ ಬೆಚ್ಚಗಿರೋದೇ ಗೊತ್ತಿಲ್ಲ. ಆದರೆ ಅವನಿಗೆ ಹೇಳಬೇಡ, ಪಾಪ, ಅಷ್ಟು ದೂರದಿಂದ ಕಳಿಸ್ತಾನೆ." ಅವಳ ಕಾಯಿಲೆ ಹೆಚ್ಚಾದಷ್ಟೂ ನಿನ್ನ ಗಂಟು ದಪ್ಪವಾಗುತ್ತ ಬಂತು. ಕಳೆದ ಸಲದ್ದನ್ನು ಇಳಿಸಲು ಇಬ್ಬರು ಬೇಕಾಯಿತು. ಇನ್ನೊಂದು ತಿಂಗಳಿಗೆ ಗಂಟಿನ ಮೇಲೇ ಮಂಚ ತೇಲುತ್ತದೆ.

ಹಾಗಾಗಿ ಕೌದಿಯ ನಟ್ಟನಡುವೆ ಒಂದು ಜಾಗ ಖಾಲಿ ಉಳಿದಿದೆ. ಅಂಗಿಯ ಬೆನ್ನಿನಷ್ಟು ಅಗಲ. ಸುತ್ತ ನಾವೆಲ್ಲ ಇದ್ದೇವೆ, ನಡುವೆ ಬರೀ ಹಾಸು ಕಾಣುತ್ತದೆ. ನಿನ್ನ ಹಳೆಯ ಬಟ್ಟೆ ಮನೆಯಲ್ಲಿ ಒಂದೂ ಇಲ್ಲ. ಇದ್ದದ್ದೆಲ್ಲ ನೀನು ಅಲ್ಲಿ ಹೊದ್ದು ಮಲಗುವ ಆ ಹಳೇ ಕೌದಿಗೇ ಹೋಗಿದೆ. ಆ ಖಾಲಿ ಜಾಗವನ್ನು ದಿನಾ ನೋಡಲಾರದೆ ನಾನೊಂದು ಮಹಾ ಸಂಚು ಹೂಡಿದೆ. ಗಂಟು ಬಿಚ್ಚದೇ ಅದರ ಸಂದಿಯಿಂದ ನೀಲಿ ಗೀಟಿನ ಒಂದು ತುಂಡು ಎಳೆದು, ನೀನು ಹಿಂದೆ ತೊಡುತ್ತಿದ್ದ ಅಂಗಿಯಂಥದ್ದನ್ನೇ ಆರಿಸಿ, ಹಿತ್ತಲ ಕಲ್ಲಿನ ಮೇಲೆ ಒಗೆದೆ, ಒಣಗಿಸಿದೆ, ಮತ್ತೆ ಒಗೆದೆ. ಇಟ್ಟಿಗೆಯಿಂದ ಉಜ್ಜಿದೆ. ಅಂಗೈ ಸುಲಿಯಿತು. ಬಟ್ಟೆ ಮಾತ್ರ ಭಿಕ್ಷುಕನ ಅಂಗಿಯಂತೆ ಮೆತ್ತಗಾಯಿತು. ಆಮೇಲೆ ಬೀರುವಿನ ಹಿಂದೆ ಸಿಕ್ಕಿತು ಅಂತ ಕೂಗುತ್ತ ಅಮ್ಮನ ಹತ್ತಿರ ಓಡಿದೆ. ನಟನೆಯಲ್ಲಿ ನನಗೆ ಬಹುಮಾನ ಬರಬೇಕಿತ್ತು. ಅಮ್ಮನ ಕಣ್ಣು ಈಗ ಮಂಜು. ಅವಳು ನೋಡಲಿಲ್ಲ, ಹೆಬ್ಬೆರಳಿನಿಂದ ಒಂದು ಸಲ ಸವರಿದಳು, ಅಷ್ಟೇ. "ಇದು ಒಗೆದ ಬಟ್ಟೆ. ತೊಟ್ಟ ಬಟ್ಟೆ ಅಲ್ಲ" ಅಂದಳು. ಒಗೆದದ್ದು ಎಲ್ಲ ಕಡೆ ಒಂದೇ ಸಮ ಸವೆಯುತ್ತದಂತೆ. ತೊಟ್ಟದ್ದು ಹೆಗಲಲ್ಲಿ ಒಂದು ಥರ, ಬೆನ್ನಲ್ಲಿ ಒಂದು ಥರ. "ಮನುಷ್ಯ ಎಲ್ಲಿ ಒರಗಿದ, ಎಲ್ಲಿ ಬೆವರಿದ ಅಂತ ಬಟ್ಟೇಲಿರತ್ತೆ, ಪೆದ್ದಿ." ಆಮೇಲೆ ನನ್ನ ಸುಲಿದ ಅಂಗೈ ಸವರಿ, ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದಳು. ನನ್ನ ಇಷ್ಟು ಕಾಲದ ಕೀಟಲೆಗಳಲ್ಲಿ ಯಾರೂ ಬೈಯದೇ ಬಿಟ್ಟದ್ದು ಇದೊಂದೇ. ಬೈದಿದ್ದರೆ ಚೆನ್ನಾಗಿತ್ತು.

ನೀನು ಯಾಕೆ ಬರುವುದಿಲ್ಲ ಅಂತ ನನಗೆ ಗೊತ್ತು. ಆ ದಿನ ನೀನು ವಾರ್ಡಿನ ಬಾಗಿಲಲ್ಲಿ ನಿಂತು ಅಮ್ಮನ ಮೂಗಿಗೆ ಹಾಕಿದ್ದ ನಳಿಕೆ ನೋಡಿದೆ. "ಚಹಾ ತರ್ತೀನಿ" ಅಂತ ಫ್ಲಾಸ್ಕು ಹಿಡಿದು ಹೋದವನು ಸೀದಾ ಬಸ್ಸು ಹತ್ತಿದೆ. ಫ್ಲಾಸ್ಕು ನಮಗೆ ಬೇಕಾಗಿತ್ತು ಮಾರಾಯಾ. ಈಗಲೂ ಅಜ್ಜಿ "ದೊಡ್ಡೋನು ಎಲ್ಲಿ?" ಅಂದರೆ ಅಮ್ಮ, "ಚಹಾ ತರೋಕೆ ಹೋಗಿದಾನೆ" ಅನ್ನುತ್ತಾಳೆ. ಅಜ್ಜಿ, "ಎಲೆ ಕಿತ್ತು ತರ್ತಾನೇನೋ" ಅನ್ನುತ್ತಾಳೆ. ನಾವು ನಗುತ್ತೇವೆ. ನಿನ್ನನ್ನು ಹೇಡಿ ಅಂತ ಬೈಯಲು ಹೊರಟಿದ್ದೆ, ಆದರೆ ಏನು ಮುಖ ಇಟ್ಟುಕೊಂಡು ಬೈಯಲಿ? ಅಮ್ಮನ ಮೈ ಒರೆಸುವಾಗ ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ತೋಳು ಎಷ್ಟು ತೆಳ್ಳಗಾಗಿದೆ ಅಂದರೆ, ನನ್ನ ಹೆಬ್ಬೆರಳು ಕಿರುಬೆರಳು ಸೇರಿಸಿದರೆ ಬಳೆಯಾಗುತ್ತದೆ. ಹೆದರಿಕೆ ಹೋಗುವುದಿಲ್ಲ ಅಣ್ಣಾ. ಹತ್ತಿರ ಇದ್ದರೆ ಅದರ ಜೊತೆಗೆ ಬೇರೆ ಕೆಲಸವೂ ಇರುತ್ತದೆ, ಅಷ್ಟೇ ವ್ಯತ್ಯಾಸ. ಕೌದಿ ಯಾರಿಗೆ ಅಂತ ಒಂದು ದಿನ ಕೇಳಿದೆ. "ಯಾರಿಗೆ ಚಳಿಯಾಗತ್ತೋ ಅವರಿಗೆ" ಅಂದಳು. ಅವಳಿಗೇ ಚಳಿ, ಮಟಮಟ ಮಧ್ಯಾಹ್ನದಲ್ಲೂ ಹಲ್ಲು ಕಟಕಟ ಅನ್ನುತ್ತದೆ. ಆದರೂ ಅದನ್ನು ಒಂದು ಸಲವೂ ಹೊದ್ದಿಲ್ಲ. ನಡುವೆ ಕಂಡಿ ಇಟ್ಟುಕೊಂಡು ಯಾರಾದರೂ ಕೌದಿ ಹೊದೆಯುತ್ತಾರಾ ಅನ್ನುತ್ತಾಳೆ.

ಈ ಪತ್ರದಲ್ಲಿ ನಾನು ಎಲ್ಲಿಯೂ ನಿನ್ನನ್ನು ಬಾ ಎಂದು ಕರೆದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಕರೆಯಕೂಡದು ಅಂತ ಅಮ್ಮನ ಅಪ್ಪಣೆಯಾಗಿದೆ. "ಕರೆದರೆ ಬರೋರು ನೆಂಟರು. ಮಗನನ್ನ ಯಾರಾದ್ರೂ ಕರೀತಾರಾ?" ಅಂದಳು. ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದ್ದೇನೆ. ಇಲಿಮರಿ ಕೊಟ್ಟ ಮಾತಿಗೆ ತಪ್ಪುವವಳಲ್ಲ, ಇದು ಲೋಕಪ್ರಸಿದ್ಧ. ಅಪ್ಪ ನಿನ್ನನ್ನು ಕೇಳಿದ್ದಾರೆ ಅಂತ ಬರೆಯಲೇ? ಕೇಳಿಲ್ಲ. ಆದರೆ ನಿನ್ನ ಊರಿನ ಬಸ್ಸು ಡಿಪೋಗೆ ಬಂದರೆ ರಿಪೇರಿ ಇರಲಿ ಬಿಡಲಿ, ಇಳಿಯುವವರು ಮುಗಿಯುವ ತನಕ ಅವರು ಅದರ ಟೈರು ಒದೆಯುತ್ತ ನಿಂತಿರುತ್ತಾರೆ. ಅಜ್ಜಿ ಆಶೀರ್ವಾದ ಕಳಿಸಿದ್ದಾಳೆ, ಜೊತೆಗೆ ಒಂದು ಪ್ರಶ್ನೆ: ಅಲ್ಲಿ ಹಲ್ಲಿನ ಸೆಟ್ಟು ಸಿಗುತ್ತದೆಯೇ? ಬೋಲ್ಟನ್ನು ಈ ಕಾಗದದೊಳಗೆ ಸುತ್ತಿಟ್ಟಿದ್ದೇನೆ. ಈ ಸಲ ನಿಜವಾಗಿ ನುಂಗಬೇಡ.

ಕಾಲಿಗೆ ಬಿಸಿನೀರು ಹಾಕಿಕೊ. ಹೊಟ್ಟೆ ತುಂಬ ಉಣ್ಣು.

ಇಂತಿ,
ಸೂಜಿ ಪ್ರಕರಣದ ಒಂದನೇ ಆರೋಪಿ,
ನಿನ್ನ ತಂಗಿ
ಇಲಿಮರಿ

ತಾ.ಕ.: ನಿನ್ನ ಗಂಟು ತರುವ ಡ್ರೈವರ್ ಮಾವನೇ ಇದನ್ನು ಒಯ್ಯುತ್ತಾರೆ, ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಬೇಗ ಹೇಳುತ್ತೇನೆ. ಸೂಜಿ ಕದ್ದವಳು ನಾನೇ. ಬುಧವಾರ ಮಧ್ಯಾಹ್ನ ಅಮ್ಮ ನನ್ನನ್ನು ಹತ್ತಿರ ಕರೆದು, "ಸಾಕು ಕಣೇ. ಅವನು ಕಳಿಸಿದ್ದರಲ್ಲೇ ಒಂದು ಚೂರು ತೆಗೆದು ನಡುವೆ ಮುಚ್ಚಿಬಿಡು. ಹೊಸದಾದ್ರೇನು, ಅವನು ಮುಟ್ಟಿದ್ದು ತಾನೇ" ಅಂದಳು. ನೋವಿಗೂ ಅಳದವಳು ಅದನ್ನು ಹೇಳುವಾಗ ಅತ್ತಳು. ನನಗೆ ಬೇರೇನೂ ತೋಚಲಿಲ್ಲ. ಮೂರೂ ಸೂಜಿ ತೆಗೆದು ನಿನ್ನ ಗಂಟಿನೊಳಗೇ ಚುಚ್ಚಿಟ್ಟೆ. ಈ ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಅದೊಂದೇ. ಆವತ್ತಿನಿಂದ ಅವಳ ಕೈ ಖಾಲಿ, ಹಗಲೆಲ್ಲ ನರಳುತ್ತಾಳೆ, ಅದು ನನ್ನಿಂದ. ಮಂಗಳವಾರ ಸಂಜೆ ಅಪ್ಪ ಹೊಸ ಸೂಜಿ ತರುತ್ತಾರೆ. ಆಮೇಲೆ ಕದಿಯುವ ಧೈರ್ಯ ನನಗಿಲ್ಲ. ಈ ಬಸ್ಸು ನಾಳೆ ಬೆಳಿಗ್ಗೆ ನಿನ್ನ ಊರು ಬಿಟ್ಟು ವಾಪಸು ಹೊರಡುತ್ತದೆ, ಕಿಟಕಿ ಪಕ್ಕ ಒಂದು ಸೀಟು ಇಡಿ ಅಂತ ಮಾವನಿಗೆ ಹೇಳಿದ್ದೇನೆ. ಯಾರಿಗೆ ಅಂತ ಹೇಳಿಲ್ಲ. ನಾನು ಕರೆದಿಲ್ಲ. ಗಂಟು ಏನೂ ತರಬೇಡ. ಹೊಸ ಅಂಗಿ ತೊಟ್ಟು ಬರಬೇಡ.